ಖರಾಡಿಯಲ್ಲಿ ಕರಾಚಿ

(2025ರ ಮೇ 8ರ ರಾತ್ರಿ, ಭಾರತ-ಪಾಕ್ ಸಂಘರ್ಷದ ನಡುವೆ. ಪುಣೆಯ ಖರಾಡಿ. ಮಗ ಐಟಿ ಪಾರ್ಕಿನ ನೈಟ್ ಶಿಫ್ಟಿಗೆ. ವಿಜಯಪುರದಿಂದ ಬಂದ ಮಾಸ್ತರರು, ಪಾರವ್ವ ಟಿವಿ ಮುಂದೆ.)

ಮಾಸ್ತರ: ಪಾರೀ, ಕರಾಚಿ ಬಂದರ ಹೋತು!

ಪಾರವ್ವ: ಎಲ್ಲಿಗ್ರೀ?

ಮಾಸ್ತರ: ಪುಡಿಪುಡಿ ಆತಂತ! ಸೈರನ್ ಕೇಳು.

ಪಾರವ್ವ: ಅಲ್ಲೀದೋ, ಸ್ಟುಡಿಯೋದ್ದೋ?

ಮಾಸ್ತರ: ನಮ್ಮ ನೌಕಾಪಡೆ ನುಗ್ಗೇತಿ!

ಪಾರವ್ವ: ನೌಕಾಪಡೆಯವ್ರಿಗೆ ಹೇಳ್ಯಾರೇನ್ರೀ? ಸಾವಕಾಶ ಒದರ್ರಿ, ಬಾಜೂ ಮನಿ ಕಾಕೂ 'ಖರಾಡಿ' ಅಂತ ಕೇಳಿಸ್ಕೊಂಡು ಗಂಟುಮೂಟಿ ಕಟ್ಟಾಕತ್ತಾರ.

(ಮರುದಿನ)

ಮಾಸ್ತರ: ಬಂದರ ಇದ್ದಲ್ಲೇ ಐತಂತ. ಹಂಗಾರ ರಾತ್ರಿ ನೋಡಿದ್ದು?

ಪಾರವ್ವ: ಧಾರಾವಾಹಿ.

ಮಾಸ್ತರ: ಧಾರಾವಾಹಿ ಆಗಿದ್ರ 'ಕಾಲ್ಪನಿಕ' ಅಂತ ಹಾಕ್ತಿದ್ರು. 1990ರಾಗ ದೂರದರ್ಶನದ ಟಿಪ್ಪು ಧಾರಾವಾಹಿ ನೆನಪೈತಿಲ್ಲ? ಇತಿಹಾಸ ತಿರುಚ್ಯಾರಂತ ಮಂದಿ ಸುಪ್ರೀಂ ಕೋರ್ಟಿನ ತನಕ ಹೋದ್ರು. ಕಾಲ್ಪನಿಕ ಅಂತ ಹೇಳೇ ತೋರಿಸಬೇಕಾತು.

ಪಾರವ್ವ: ನಡದಿದ್ದನ್ನ ತಿರುಚಿದ್ರ ತಪ್ಪು ಬಿಡ್ರಿ. ಇವ್ರದು ನಡದೇ ಇಲ್ಲಲ್ಲ, ಏನ್ ತಿರುಚ್ತಾರ ಪಾಪ!

(ಮೇ 10)

ಮಾಸ್ತರ: ಚಾನೆಲ್ಲಿನಾಗ ದಾಳಿ ಸೈರನ್ ಬಾರಿಸಬ್ಯಾಡ್ರಿ ಅಂತ ಸರ್ಕಾರ ಸೂಚನೆ ಕೊಟ್ಟೈತಿ.

ಪಾರವ್ವ: ಆ್ಯಂಕರ್ ಒದರೂದಕ್ಕ?

ಮಾಸ್ತರ: ಏನೂ ಅಂದಿಲ್ಲ. ಬರೇ ಸೈರನ್.