ಉಪ್ಪು, ಗುಳಿಗೆ ಮತ್ತು ಸ್ವಭಾವ: ಒಂದು ನಾಲ್ಕೂರು ಸಿದ್ಧಾಂತ

ಪೀಠಿಕೆ: ಆಯುರ್ವೇದದವರು ವಾತ, ಪಿತ್ತ, ಕಫ ಎಂದು 3 ಎಣಿಸಿದರು. ಇಂದಿನ ಮನೋವಿಜ್ಞಾನಿಗಳು ವ್ಯಕ್ತಿತ್ವದ ಮುಖಗಳು 5 ಎನ್ನುತ್ತಾರೆ. ಯಾರ ಮನಸ್ಸನ್ನೂ ನೋಯಿಸದೆ ಸರಾಸರಿ ತೆಗೆದರೆ 4. ನಾವು ಆರಿಸಿಕೊಂಡ ಊರುಗಳೂ ನಾಲ್ಕೇ ಆಗಿರುವುದರಿಂದ ಸಿದ್ಧಾಂತ ಸಾಬೀತಾದಂತೆಯೇ. ಊರಿಗೊಬ್ಬರಂತೆ ಆರಿಸಿದ ನಾಲ್ವರಿಗೂ ಬಿ.ಪಿ. 160/100, ವೈದ್ಯರ ಮಾತೂ ಒಂದೇ: "ಉಪ್ಪು ಕಡಿಮಿ ಮಾಡ್ರಿ, ಗುಳಿಗಿ ತಪ್ಪಿಸಬ್ಯಾಡ್ರಿ."

1. 'ಏನಾಗಂಗಿಲ್ಲ' ಪ್ರಕೃತಿ (ಗದಗ-ಬೆಟಗೇರಿ): ಸಂಜೆ ಮಿರ್ಚಿ ಬಂಡಿಯ ಮುಂದೆ ಕಾಣಸಿಗುತ್ತದೆ. ಬಿಸಿ ಮಿರ್ಚಿಯನ್ನು ಪೇಪರಿನಲ್ಲಿ ಒತ್ತಿ ಎಣ್ಣೆ ಇಳಿಸುತ್ತದೆ. ಇದೇ ಅದರ ಪಥ್ಯ. "ನಮ್ಮಜ್ಜ ಇದನ್ನ ತಿಂದು ತೊಂಬತ್ತು ದಾಟಿದ್ದ" ಎಂಬುದು ಏಕೈಕ ಆಕರ. ಅಜ್ಜ ದಿನಾ ಹೊಲಕ್ಕೆ ನಡೆದು ಹೋಗುತ್ತಿದ್ದ ಸಂಗತಿ ಅಡಿಟಿಪ್ಪಣಿಗೂ ಸೇರಿಲ್ಲ.

2. 'ಎಲ್ಲಾ ಆಗೈತಿ' ಪ್ರಕೃತಿ (ಲಕ್ಷ್ಮೇಶ್ವರ): ಕೈಚೀಲದ ತುಂಬ ರಿಪೋರ್ಟು. ಗದಗಿನಲ್ಲಿ "ಬಿ.ಪಿ. ಬಿಟ್ರ ಬ್ಯಾರೆ ಏನಿಲ್ಲ" ಎಂದರೆ ಹುಬ್ಬಳ್ಳಿ ಬಸ್ಸು ಹತ್ತುತ್ತದೆ. ಅಲ್ಲೂ ಏನಿಲ್ಲವೆಂದರೆ, ರೋಗ ಇಬ್ಬರು ಡಾಕ್ಟರಿಗೂ ಸಿಗದಷ್ಟು ದೊಡ್ಡದೆಂದು ನಿರ್ಧರಿಸುತ್ತದೆ.

3. 'ಹೂಂ' ಪ್ರಕೃತಿ (ಶಿರಹಟ್ಟಿ): ಫಕೀರೇಶ್ವರ ಮಠದಿಂದಾಗಿ ಈ ಊರು ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರುವಾಸಿ. ಆ ತತ್ವವನ್ನು ಈ ಪ್ರಕೃತಿ ಹೊಟ್ಟೆಯೊಳಗೂ ಜಾರಿಗೆ ತಂದಿದೆ: ಡಾಕ್ಟರ ಗುಳಿಗೆ, ಅತ್ತೆಯ ಕಷಾಯ, ಬೀಗರು ತಂದ ಕಪ್ಪತಗುಡ್ಡದ ಬೇರು, ಎಲ್ಲಕ್ಕೂ ಸಮಾನ ಪ್ರವೇಶ. ಒಂದರ ಸುದ್ದಿ ಇನ್ನೊಬ್ಬರಿಗೆ ಹೇಳುವುದಿಲ್ಲ, ಪಾಪ, ಬೇಜಾರಾದೀತು.

4. 'ವ್ಯಾಳ್ಯಾಕ್ಕ ಸರಿಯಾಗಿ' ಪ್ರಕೃತಿ (ಮುಂಡರಗಿ): ನಸುಕಿನಲ್ಲಿ ವಾಕಿಂಗ್, ಗಡಿಯಾರ ನೋಡಿ ಗುಳಿಗೆ, ಕುದಿಸಿ ಆರಿಸಿದ ನೀರು. ಶಾಸ್ತ್ರದ ಪ್ರಕಾರ ಇವರೇ ದೀರ್ಘಾಯುಗಳು. ಆದರೆ ಇವರ ಹಲ್ಲು ಕಂದಿವೆ, ಮೊಣಕಾಲು ಬಿಗಿದಿವೆ.

ಆಕ್ಷೇಪ: ಮುಂಡರಗಿ ಸೀಮೆಯ ಹಲವು ಕೊಳವೆಬಾವಿಗಳಲ್ಲಿ, ಹಲ್ಲು-ಮೊಣಕಾಲುಗಳನ್ನು ಹೀಗೆ ಕೆಡಿಸುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪ್ರಮಾಣ ಏರುತ್ತದೆ. ಅಂದರೆ ಹೆಚ್ಚು ಶಿಸ್ತಿನಿಂದ ಕುದಿಸಿದವರಿಗೆ ಹೆಚ್ಚು ಪಾಲು.

ಸಮಾಧಾನ: ಈ ಸಂಗತಿಯಿಂದ ಸಿದ್ಧಾಂತಕ್ಕೆ ಧಕ್ಕೆ ಬರುವುದರಿಂದ, ಕೊಳವೆಬಾವಿಯನ್ನೂ ಒಂದು ಪ್ರಕೃತಿಯೆಂದು ಒಪ್ಪತಕ್ಕದ್ದು. ಲಕ್ಷಣ: ಬಲು ಆಳ, ಮಾತು ಕಡಿಮೆ, ಬುದ್ಧಿವಾದಕ್ಕೆ ಬಗ್ಗದು. ಇದಕ್ಕೆ ಚಿಕಿತ್ಸೆ ಮಾಡಬೇಕಾದವರು ವೈದ್ಯರಲ್ಲ, ಶುದ್ಧ ಕುಡಿಯುವ ನೀರಿನ ಘಟಕ ನಡೆಸುವವರು. ಘಟಕ ಕೆಟ್ಟರೆ ರಿಪೇರಿ ಮಾಡಿಸಬೇಕಾದವರ ಪ್ರಕೃತಿ ಯಾವುದೆಂಬುದನ್ನು ಮುಂದಿನ ಪ್ರಬಂಧದಲ್ಲಿ ವಿವೇಚಿಸಲಾಗುವುದು, ಅರ್ಜಿ ಕೊಟ್ಟಿದ್ದೇವೆ.