ಸ್ಕ್ರೂ ಮುಟ್ಬೇಡ್ರಿ ಸ್ವಾಮಿ!

‘ಆಲ್ ಟೆರೇನ್ ವೆಹಿಕಲ್ ಒಂದನ್ನು ಸಂದರ್ಶಿಸಿ, ಅದರ ಐಡ್ಲಿಂಗ್ ಕಷ್ಟ-ಸುಖ ಬರೆಯಿರಿ’ ಎಂದು ಸಂಪಾದಕರ ಅಪ್ಪಣೆಯಾಯಿತು. ನಾಲ್ಕು ದಪ್ಪ ಚಕ್ರದ ಆ ಗಾಡಿ ದೊಡ್ಡ ರೆಸಾರ್ಟುಗಳಲ್ಲಿ ನಿಮಿಷದ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನ ಅದನ್ನು ನೋಡಿರುವುದು ಮೊಬೈಲಿನಲ್ಲಿ ಮಾತ್ರ. ಆದರೆ ‘ಎಂಥ ನೆಲದ ಮೇಲಾದರೂ ಓಡುವ ಗಾಡಿ ಯಾವುದು?’ ಎಂದು ಕೇಳಿದರೆ ನಾಲ್ಕೂ ತಾಲ್ಲೂಕಿನವರು ಒಂದೇ ಕಡೆ ಬೆರಳು ತೋರಿಸುತ್ತಾರೆ. ಹಾಗೆ ತೋರಿಸಿದ ಬೆರಳಿನ ಜಾಡು ಹಿಡಿದು ಹೋದಾಗ, ಚನ್ನಗಿರಿಯ ಒಂದು ಗ್ಯಾರೇಜಿನ ಮುಂದೆ, ‘ಟರ್... ಟರ್... ಟುಸ್’ ಎನ್ನುತ್ತ ಮತ್ತೆ ಮತ್ತೆ ಆಫ್ ಆಗುತ್ತಿದ್ದ ಹಳೆಯ ಟಿವಿಎಸ್ ಎಕ್ಸೆಲ್ ಸೂಪರ್ ಮಾತಿಗೆ ಸಿಕ್ಕಿತು.

ನಮಸ್ಕಾರ. ನಮಗೆ ಬೇಕಾಗಿದ್ದು ಆಲ್ ಟೆರೇನ್ ವೆಹಿಕಲ್. ನೀವು ಮೊಪೆಡ್ ಅಲ್ಲವೇ?

ಕುತ್ಕೊಳ್ರಿ ಸ್ವಾಮಿ, ಸರಿಯಾದ ಜಾಗಕ್ಕೇ ಬಂದೀರಿ. ಚನ್ನಗಿರಿ ತೋಟದಾಗೆ ಡ್ರಿಪ್ ಪೈಪು ದಾಟಿ ಅಡಿಕೆ ಗೊನೆ ಹೊತ್ತು ತರೋನು ನಾನು. ಹೊನ್ನಾಳಿ ಗದ್ದೆ ಬದುವಿನ ಮೇಲೆ ಯೂರಿಯಾ ಚೀಲ ಸಾಗಿಸೋನು ನಾನು. ನ್ಯಾಮತಿ ಕಡೆ ಗುಡ್ಡದ ಮೊರಂ ದಾರಿ ಹತ್ತೋನು ನಾನು, ಜಗಳೂರಿನ ಮೆಕ್ಕೆಜೋಳದ ಹೊಲದಾಗೆ ದೂಳು ಕುಡಿಯೋನೂ ನಾನೇ. ಮುಂದೆ ಹಾಲಿನ ಕ್ಯಾನು, ನಡುವೆ ಹುಡುಗ, ಹಿಂದೆ ಮನೆಯಾಕೆ, ಆಕೆ ತೊಡೆ ಮೇಲೆ ಕುರಿಮರಿ. ರೆಸಾರ್ಟಿನ ಗಾಡಿ ಯಾವತ್ತಾದ್ರೂ ಕುರಿಮರಿ ಹತ್ತಿಸ್ಕೊಂಡೈತಾ ಕೇಳ್ರಿ.

ಒಪ್ಪಿದೆ. ನಿಮ್ಮ ಮನೆತನದ ಬಗ್ಗೆ ಎರಡು ಮಾತು?

ಮೂಲಪುರುಷ ಟಿವಿಎಸ್ 50. 1980ರಲ್ಲಿ ಹೊಸೂರಿನಿಂದ ಬಂದ. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ಡು ಅಂತ ಅವನಿಗೆ ಹೆಸರು. ಇಬ್ಬರು ಅಂತ ಕಂಪನಿಯವರು ಹೇಳಿದ್ದು, ನಮ್ಮೂರವರು ಆ ಮಾತನ್ನ ಸಲಹೆ ಅಂತ ತಗೊಂಡ್ರು. ನಾನು 69.9 ಸಿಸಿ, ಟೂ ಸ್ಟ್ರೋಕು, ಒಂದೇ ಗೇರು. ಓಡಾಡಿದ್ದಕ್ಕಿಂತ ನಿಂತಲ್ಲೇ ನಿಂತು ನೋಡಿದ್ದು ಜಾಸ್ತಿ. ಹಿರಿಯರು ಬಂದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ಎಲ್ಲ ದಾವಣಗೆರೆ ಆಯ್ತು. 2018ರಲ್ಲಿ ನ್ಯಾಮತಿ ಹೊನ್ನಾಳಿಯಿಂದ ಬೇರೆ ಆಗಿ ತಾಲ್ಲೂಕಾಯ್ತು. ನಾವು ಸ್ಟ್ಯಾಂಡ್ ಹಾಕ್ಕೊಂಡೇ ಇದ್ವಿ, ಊರುಗಳೇ ಅತ್ತಿತ್ತ ಓಡಾಡಿದ್ವು.

ಈಗಿನ ಕಾಯಿಲೆ ಏನು?

ಸ್ಲೋ, ಅಂದ್ರೆ ನಿಮ್ಮ ಐಡ್ಲಿಂಗು, ನಿಲ್ತಾ ಇಲ್ಲ. ಆಕ್ಸಿಲರೇಟರ್ ತಿರುವಿದ್ರೆ ಜಗಳೂರಿನವರೆಗೂ ಹೋಗ್ತೀನಿ. ಬಿಟ್ಟರೆ ಆಫ್. ಬೆಳಿಗ್ಗೆಯಿಂದ ಮೂರು ಜನ ಬಂದ್ರು, ಮೂವರೂ ಮಾಡಿದ್ದು ಒಂದೇ ಕೆಲಸ: ಸ್ಕ್ರೂಡ್ರೈವರ್ ತಗೊಂಡು ಸ್ಲೋ ಸ್ಕ್ರೂ ತಿರುಗಿಸಿದ್ರು. ‘ಈಗ ನೋಡು, ನಿಲ್ತು’ ಅಂದ್ರು. ನಿಲ್ತದೆ ಸ್ವಾಮಿ, ಚಾ ಕುಡಿದು ಮುಗಿಸೋವರೆಗೆ.

ಸ್ಕ್ರೂ ಇರುವುದೇ ತಿರುಗಿಸುವುದಕ್ಕಲ್ಲವೇ?

ಇರೋದು ಕೊನೆಗೆ ತಿರುಗಿಸೋಕೆ. ಆ ಸ್ಕ್ರೂ ಮಾಡೋದೇನು? ಕಾರ್ಬೊರೇಟರ್ ಒಳಗಿನ ಸ್ಲೈಡನ್ನ ಒಂದು ಕೂದಲೆಳೆ ಮೇಲೆತ್ತಿ ಹಿಡೀತದೆ, ಅಷ್ಟೇ. ಜೆಟ್ಟಿನ ಕಸ ತೆಗೆಯಲ್ಲ, ಹರಿದ ಗ್ಯಾಸ್ಕೆಟ್ ಹೊಲಿಯಲ್ಲ, ಪ್ಲಗ್ಗಿನ ಮಸಿ ಒರೆಸಲ್ಲ. ಸದ್ದು ಮಾತ್ರ ಜಾಸ್ತಿ ಆಗ್ತದೆ. ಸದ್ದು ಕೇಳಿದ್ರೆ ಜನಕ್ಕೆ ಸಮಾಧಾನ.

ಸದ್ದು ಜಾಸ್ತಿಯಾದರೆ ನಷ್ಟವೇನು?

ನನಗಿರೋದು ಸೆಂಟ್ರಿಫ್ಯೂಗಲ್ ಕ್ಲಚ್. ಇಂಜಿನ್ ಸ್ಪೀಡು ಒಂದು ಮಟ್ಟ ದಾಟಿದ್ರೆ ಕ್ಲಚ್ಚಿನ ಶೂಗಳು ತಾವೇ ಅಗಲವಾಗಿ ಡ್ರಮ್ಮನ್ನ ಹಿಡೀತವೆ, ನಾನು ಹೊರಟುಬಿಡ್ತೀನಿ. ಸ್ಲೋ ಜಾಸ್ತಿ ಇಟ್ಟು ನನ್ನನ್ನ ಕಾಲುವೆ ಏರಿ ಮೇಲೆ ನಿಲ್ಲಿಸಿ, ಸ್ಟ್ಯಾಂಡ್ ತೆಗೆದು, ಒಂದು ಕೈಯಾಗೆ ಬೀಡಿ ಹಚ್ಚಿದವರು ಅದಾರೆ. ಅವರ ಬೀಡಿ ಹತ್ತೋದ್ರೊಳಗೆ ನಾನು ಭದ್ರಾ ನೀರಿನಾಗೆ ಇದ್ದೆ. ಬೀಳೋ ಮಾತಿಗೆ ನೆನಪಾಯ್ತು, ಹೊದಿಗೆರೆ ಗೊತ್ತಲ್ಲ, ಇದೇ ಚನ್ನಗಿರಿ ತಾಲ್ಲೂಕು? ಶಿವಾಜಿ ಮಹಾರಾಜರ ತಂದೆ ಶಹಾಜಿ 1664ರಲ್ಲಿ ಬೇಟೆಗೆ ಬಂದು ಕುದುರೆ ಮೇಲಿಂದ ಬಿದ್ದು ತೀರ್ಕೊಂಡಿದ್ದು ಅಲ್ಲೇ, ಸಮಾಧಿನೂ ಐತೆ. ಕುದುರೆಗೆ ಸ್ಕ್ರೂ ಇರಲಿಲ್ಲ, ಅದರ ತಪ್ಪಿಗೆ ಅದೇ ಜವಾಬ್ದಾರಿ. ನನ್ನ ವಿಷಯದಾಗೆ ಸ್ಕ್ರೂ ತಿರುಗಿಸೋರು ಬೇರೆ, ಬೈಸಿಕೊಳ್ಳೋದು ನಾನು.

ಹಾಗಾದರೆ ಮೊದಲು ಏನು ನೋಡಬೇಕು?

ಪ್ಲಗ್ ಬಿಚ್ರಿ. ನಾಲಿಗೆ ನೋಡದೆ ಯಾವ ಡಾಕ್ಟರೂ ಚೀಟಿ ಬರೆಯಲ್ಲ, ಪ್ಲಗ್ ನನ್ನ ನಾಲಿಗೆ. ತಿಳಿ ಕಂದು ಬಣ್ಣ ಇದ್ರೆ ಆರೋಗ್ಯ. ಕಪ್ಪಗೆ, ಒದ್ದೆಯಾಗಿ ಇದ್ರೆ ಪೆಟ್ರೋಲೋ ಆಯಿಲ್ಲೋ ಜಾಸ್ತಿ, ಇಲ್ಲಾ ಏರ್ ಫಿಲ್ಟರ್ ಕಟ್ಟೈತೆ. ಬೆಳ್ಳಗೆ ಸುಟ್ಟಂಗಿದ್ರೆ ಪೆಟ್ರೋಲ್ ಸಾಲ್ತಾ ಇಲ್ಲ, ಇಲ್ಲಾ ಎಲ್ಲೋ ಕಳ್ಳದಾರಿಯಾಗೆ ಗಾಳಿ ನುಗ್ತೈತೆ. ಆಯಿಲ್ ವಿಷಯಕ್ಕೆ ಬಂದ್ರೆ ಲೀಟರಿಗೆ 20 ಮಿಲಿ ಸಾಕು. ನಮ್ಮ ಯಜಮಾನ್ರು ‘ಇಂಜಿನ್ ತಂಪಾಗಿರಲಿ’ ಅಂತ ಕಣ್ಣಳತೆಯಾಗೆ ಸುರೀತಾರೆ. ತಂಪಾಗೋದು ಪ್ಲಗ್ಗು, ಹೊಗೆ ಹೋಗೋದು ಹಿಂದಿನ ಮನೆಯವರ ಅಡುಗೆಮನೆಗೆ. ಆ ಆಯಿಲ್ಲೇ ಸೈಲೆನ್ಸರಿನಾಗೆ ಕಾರ್ಬನ್ ಆಗಿ ಕಟ್ಕೊಂತದೆ. ಹೊಗೆ ಹೊರಗೆ ಹೋಗದಿದ್ರೆ ಹೊಸ ಗಾಳಿ ಒಳಗೆ ಹೆಂಗೆ ಬರಬೇಕು?

ನಾಲ್ಕು ತಾಲ್ಲೂಕಿಗೂ ಒಂದೇ ಕಾಯಿಲೆಯೇ?

ಛೇ, ಅಂಥ ಅನ್ಯಾಯ ಇಲ್ಲ. ತಾಲ್ಲೂಕಿಗೊಂದು ಬೇರೆ ಬೇರೆ ಮಂಜೂರಾಗೈತೆ.

ಜಗಳೂರಿನಾಗೆ ದೂಳು. ಏರ್ ಫಿಲ್ಟರ್ ಕಟ್ಟಿ ಉಸಿರು ಸಿಗಲ್ಲ. ಫಿಲ್ಟರ್ ತೊಳೆಯೋ ಬದಲು ತೆಗೆದೇ ಬಿಸಾಕೋ ಜಾಣರೂ ಅದಾರೆ. ಆಮೇಲೆ ಮಣ್ಣು ನೇರ ಪಿಸ್ಟನ್ನಿಗೆ ಹೋಗ್ತದೆ, ರಿಂಗು ಸವೀತದೆ, ಆಗ ಸ್ಲೋ ಅಲ್ಲ, ನಾನೇ ನಿಲ್ತೀನಿ.

ಹೊನ್ನಾಳಿಯಾಗೆ ನೀರು. ಗದ್ದೆ ಕೆಸರಿನಾಗೆ ಇಳಿಸಿ, ಸಂಜೆ ತುಂಗಭದ್ರೆ ದಂಡೆಗೆ ಒಯ್ದು ದನದ ಜೊತೆ ನನಗೂ ಮೈ ತೊಳೀತಾರೆ. ಪ್ಲಗ್ ಕ್ಯಾಪಿನಾಗೆ, ಕಾರ್ಬೊರೇಟರ್ ಬೌಲಿನಾಗೆ ನೀರು ಸೇರ್ತದೆ. ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಮುಚ್ಚಳ ಪೆಟ್ರೋಲ್ ಹರಿಸಿದ್ರೆ ನೀರಿನ ಗುಳ್ಳೆ ಅಡಿಗೆ ಕುಂತಿರೋದು ಕಣ್ಣಿಗೇ ಕಾಣ್ತದೆ.

ನ್ಯಾಮತಿಯಾಗೆ ಏರು. ಬೆಳಗುತ್ತಿ ದಾಟಿ ತೀರ್ಥರಾಮೇಶ್ವರದ ಕಡೆ ಹತ್ತುವಾಗ ಕಾರ್ಬೊರೇಟರ್ ವಾಲ್ತದೆ. ಫ್ಲೋಟಿನ ಸೂಜಿ ಸವೆದಿದ್ರೆ ಪೆಟ್ರೋಲ್ ಉಕ್ಕಿ ಇಂಜಿನ್ ಮುಳುಗ್ತದೆ. ಜನ ದೇವರಿಗೆ ಹರಕೆ ಹೊತ್ಕೊಂತಾರೆ, ಸೂಜಿ ಬದಲಿಸಲ್ಲ.

ಚನ್ನಗಿರಿಯಾಗೆ ಐಶ್ವರ್ಯ. ಅಡಿಕೆಗೆ ರೇಟು ಬಂದ ವರ್ಷ ಮನೆಗೆ ಕಾರು ಬರ್ತದೆ, ನಾನು ಅಡಿಕೆ ಚೀಲಗಳ ಹಿಂದೆ ತಿಂಗಳುಗಟ್ಟಲೆ ನಿಲ್ತೀನಿ. ಬೌಲಿನ ಪೆಟ್ರೋಲ್ ಆವಿಯಾಗಿ ಅಂಟು ಉಳೀತದೆ, ಪೈಲಟ್ ಜೆಟ್ ಮುಚ್ಕೊಂತದೆ. ರೇಟು ಬಿದ್ದ ವರ್ಷ ಕಾರು ನಿಲ್ತದೆ, ನನ್ನನ್ನ ಒದೀತಾರೆ. ಬಹಳ ದಿನ ನಿಲ್ಲಿಸೋದಿದ್ರೆ ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ತಾನಾಗೇ ಆಫ್ ಆಗೋವರೆಗೆ ಓಡಿಸಿ ನಿಲ್ಲಿಸಿ ಅಂತ ಹೇಳಿ ಸಾಕಾಯ್ತು.

ಪೈಲಟ್ ಜೆಟ್ ಅಂದಿರಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಕಾರ್ಬೊರೇಟರಿನಾಗೆ ಎರಡು ದಾರಿ. ಓಡೋವಾಗ ಪೆಟ್ರೋಲ್ ಕೊಡೋದು ಮೇನ್ ಜೆಟ್ಟು. ನಿಂತಾಗ ತೊಟ್ಟು ತೊಟ್ಟು ಕೊಡೋದು ಪೈಲಟ್ ಜೆಟ್ಟು. ಅದರ ತೂತು ಎಷ್ಟು ಸಣ್ಣದು ಅಂದ್ರೆ ಒಂದು ಕಾಳು ಮರಳು ಸಾಕು. ಅದಕ್ಕೇ ನಾನು ಓಡ್ತೀನಿ, ನಿಲ್ಲಲ್ಲ. ಗುರುತು ಹೇಳ್ತೀನಿ ಕೇಳ್ರಿ: ಚೋಕ್ ಹಾಕಿದ್ರೆ ಸ್ಲೋ ನಿಂತು, ತೆಗೆದ ಕೂಡಲೇ ಆಫ್ ಆದ್ರೆ ಪೈಲಟ್ ಜೆಟ್ಟಿನ ಮೇಲೇ ಮೊದಲ ಅನುಮಾನ. ಭದ್ರಾ ಕಾಲುವೆ ಕಥೆನೂ ಇದೇ: ಡ್ಯಾಮಿನಾಗೆ ಪೂರ್ತಿ 186 ಅಡಿ ನೀರು ನಿಂತ್ರೂ ಕಾಲುವೆ ಕೊನೇ ಭಾಗದ ಗದ್ದೆ ಒಣಗಿದ್ರೆ ಹೂಳು ತೆಗೀಬೇಕು. ಡ್ಯಾಮಿಗೆ ಬಾಗಿನ ಬಿಟ್ಟು ಫೋಟೋ ಹಿಡಿಸ್ಕೊಂಡ್ರೆ ಕೊನೇ ಗದ್ದೆಗೆ ಏನು ಬರ್ತದೆ?

ತೂತು ಮುಚ್ಚಿದ್ದರೆ ತಂತಿ ಹಾಕಿ ಬಿಡಿಸಬಹುದಲ್ಲ?

ಅಯ್ಯೋ, ಆ ಮಾತು ಕೇಳಿದ್ರೇ ಮೈ ನಡುಗ್ತದೆ! ಬ್ರೇಕ್ ಕೇಬಲ್ಲಿನ ಎಳೆ ಕಿತ್ತು ಚುಚ್ಚೋದು ಎಲ್ಲರ ಚಟ. ಜೆಟ್ಟು ಹಿತ್ತಾಳೆ, ತಂತಿ ಉಕ್ಕು. ಚುಚ್ಚಿ ಚುಚ್ಚಿ ತೂತು ದೊಡ್ಡದಾಗ್ತದೆ, ಆಮೇಲೆ ಸೇರಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸೋರ್ತದೆ. ಟೆಂಡರು ಕರೆಯೋ ಇಲಾಖೆಯವರಿಗೆ ಈ ಕಾಯಿಲೆ ಬೇಗ ಅರ್ಥ ಆಗ್ತದೆ. ಪೆಟ್ರೋಲಿನಾಗೆ ನೆನೆಸಿ, ಕಂಪ್ರೆಸರ್ ಗಾಳಿ ಹೊಡೀರಿ, ಬೆಳಕಿಗೆ ಹಿಡಿದು ತೂತು ಕಾಣ್ತದಾ ನೋಡ್ರಿ. ಅಷ್ಟು ಸಾಕು.

ಕೆಲವು ಗಾಡಿ ಆಫ್ ಆಗುವುದರ ಬದಲು ರೇಸ್ ಆಗಿ ನಿಲ್ಲುತ್ತವೆ. ಅದೇಕೆ?

ಮೊದಲು ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡ್ರಿ. ತಿರುಗಿಸಿದಾಗ ರೇಸ್ ಏರಿದ್ರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗೈತೆ, ಇಲ್ಲಾ ಎಲ್ಲೋ ಸಿಕ್ಕಾಕ್ಕೊಂಡೈತೆ. ಕೇಬಲ್ ಸರಿ ಇದ್ರೆ ಗಾಳಿ ಕಳ್ಳತನ. ಕಾರ್ಬೊರೇಟರಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹರಿದಿರ್ತದೆ. ಇಂಜಿನ್ ಓಡ್ತಿರುವಾಗ ಆ ಜಾಯಿಂಟಿಗೆ ಸೋಪಿನ ನೀರು ಹಚ್ರಿ. ಸದ್ದು ಬದಲಾದ್ರೆ ಕಳ್ಳ ಅಲ್ಲೇ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸಿ ಪರೀಕ್ಷೆ ಮಾಡೋ ಶೂರರ ಹುಬ್ಬು ಸುಟ್ಟಿರೋದು ನೋಡೀನಿ. ಅಲ್ಲೂ ಸಿಗದಿದ್ರೆ ಕ್ರ್ಯಾಂಕಿನ ಆಯಿಲ್ ಸೀಲು. ಟೂ ಸ್ಟ್ರೋಕಿನಾಗೆ ಅದು ಹೋದ್ರೆ ಅಲ್ಲಿಂದಲೇ ಗಾಳಿ ಎಳೀತದೆ. ಅದಕ್ಕೆ ಇಂಜಿನ್ ಬಿಚ್ಚಬೇಕು, ಖರ್ಚು ಐತೆ. ಅದಕ್ಕೇ ಎಲ್ಲರೂ ಸ್ಕ್ರೂ ಕಡೆ ಕೈ ಹಾಕೋದು.

ಈಗಿನ ಪೆಟ್ರೋಲಿನ ಬಗ್ಗೆ ನಿಮ್ಮ ಅಭಿಪ್ರಾಯ?

ಅದರಾಗೆ 20% ಎಥೆನಾಲು. ಎಥೆನಾಲ್ ತೇವ ಎಳ್ಕೊಂತದೆ. ತೇವ ಜಾಸ್ತಿ ಆದ್ರೆ ನೀರೂ ಎಥೆನಾಲೂ ಜೊತೆಯಾಗಿ ಟ್ಯಾಂಕಿನ ಅಡಿಗೆ ಇಳೀತವೆ. ನನ್ನ ಕಾಲದ ರಬ್ಬರ್ ಪೈಪು, ವಾಷರ್ರು ಇದಕ್ಕೆ ಅಂತ ಮಾಡಿದ್ದಲ್ಲ. ತಮಾಷೆ ಏನಂದ್ರೆ ಮೆಕ್ಕೆಜೋಳದಿಂದಲೂ ಎಥೆನಾಲ್ ಮಾಡ್ತಾರೆ. ಜಗಳೂರಿನ ಹೊಲದಿಂದ ಮೆಕ್ಕೆಜೋಳದ ಚೀಲ ಹೊತ್ತು ಮಾರ್ಕೆಟ್ಟಿಗೆ ಹಾಕಿದೋನು ನಾನು. ಅದು ಊರೆಲ್ಲ ಸುತ್ತಿ ಬಂದು ನನ್ನ ಹೊಟ್ಟೆಯಾಗೇ ಕುಂತೈತೆ. ಹೊತ್ತ ಕೂಲಿ ಇನ್ನೂ ಬಂದಿಲ್ಲ.

ಜಗಳೂರಿಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಬಂದರೆ ದೂಳಿನ ಕಾಟ ಕಡಿಮೆಯಾಗಬಹುದು...

2023ರ ಕೇಂದ್ರ ಬಜೆಟ್ಟಿನಾಗೆ ಆ ಯೋಜನೆಗೆ 5,300 ಕೋಟಿ ಅಂತ ಓದಿದಾಗ ನಾನು ಜಗಳೂರು ಬಸ್‌ಸ್ಟ್ಯಾಂಡಿನಾಗೆ ಇದ್ದೆ. ಎಂಥ ಸದ್ದು ಅಂತೀರಿ, ಆಕ್ಸಿಲರೇಟರ್ ಪೂರ್ತಿ ತಿರುವಿದಂಗೆ! ಆಮೇಲೆ ಹಣ ಬರಲಿಲ್ಲ ಅಂತ ರಾಜ್ಯದವರು ಬಜೆಟ್ಟಿಂದ ಬಜೆಟ್ಟಿಗೆ ದೂರ್ತಾ ಬಂದ್ರು. ಕ್ಲಚ್ ಹಿಡಿದಿಲ್ಲ ಸ್ವಾಮಿ, ಬರೀ ರೇಸ್. ಹೊಗೆ ನಮಗೆ, ಪ್ರಯಾಣ ಯಾರಿಗೂ ಇಲ್ಲ.

ಎಲ್ಲ ಸರಿಪಡಿಸಿದ ಮೇಲಾದರೂ ಸ್ಕ್ರೂ ಮುಟ್ಟಬಹುದೇ?

ಆಗ ಧಾರಾಳವಾಗಿ. ಮೊದಲು ನಾಲ್ಕೈದು ಕಿಲೋಮೀಟರ್ ಓಡಿಸಿ ಇಂಜಿನ್ ಬಿಸಿ ಮಾಡ್ರಿ. ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗು ಬಿಸಿಲಿಗೆ ನಿಲ್ಲಲ್ಲ. ಏರ್ ಸ್ಕ್ರೂನ ಮೆಲ್ಲಗೆ ಒಳಗೆ ಕೂರೋವರೆಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತರ್ರಿ. ಬಿಗಿದು ಕುತ್ತಿಗೆ ಮುರೀಬೇಡ್ರಿ. ಅಲ್ಲಿಂದ ಕಾಲು ಕಾಲು ಸುತ್ತು ಅತ್ತಿತ್ತ ಮಾಡಿ, ಸದ್ದು ಎಲ್ಲಿ ಹೆಚ್ಚಾಗಿ, ಸಮವಾಗಿ ಬರ್ತದೋ ಅಲ್ಲಿ ಬಿಡ್ರಿ. ಕೊನೆಗೆ ಸ್ಲೋ ಸ್ಕ್ರೂನಿಂದ ಸ್ಪೀಡು ಇಳಿಸ್ರಿ, ಹಿಂದಿನ ಗಾಲಿ ತಾನಾಗಿ ತಿರುಗದಂಗೆ. ನೋಡಿದ್ರಾ, ಕೆಲಸ ಸರಿಯಾಗಿ ಮಾಡಿದವನಿಗೆ ಆ ಸ್ಕ್ರೂ ಬೇಕಾಗೋದು ಸದ್ದು ಇಳಿಸೋಕೆ.

ನಿಮ್ಮ ತಮ್ಮಂದಿರಿಗೆ ಈ ಗೋಳೇ ಇಲ್ಲವಂತೆ?

2015ರಲ್ಲಿ ಎಕ್ಸೆಲ್ 100 ಬಂತು, ಫೋರ್ ಸ್ಟ್ರೋಕು. 2020ರಲ್ಲಿ ಬಿಎಸ್-6 ಬಂದ ಮೇಲೆ ಅವನಿಗೆ ಫ್ಯುಯೆಲ್ ಇಂಜೆಕ್ಷನ್ನು. ಸ್ಲೋ ಎಷ್ಟಿರಬೇಕು ಅಂತ ಒಳಗಿನ ಕಂಪ್ಯೂಟರ್ರೇ ತೀರ್ಮಾನ ಮಾಡ್ತದೆ. ಬಹಳ ಬುದ್ಧಿವಂತ. ಆದ್ರೂ ಫಿಲ್ಟರ್ ಕಟ್ಟಿದ್ರೆ ಅವನಿಗೂ ಉಸಿರಿಲ್ಲ, ಪ್ಲಗ್ ಹೋದ್ರೆ ಅವನೂ ಆಫ್. ಕೆಟ್ಟಾಗ ಒಂದು ಹಳದಿ ಲೈಟ್ ಹಾಕ್ಕೊಂಡು ಸುಮ್ಮನಾಗ್ತಾನೆ. ಅದನ್ನ ಓದೋಕೆ ಮಿಷನ್ ಬೇಕು, ಮಿಷನ್ ಇರೋ ಕಡೆಗೆ ಹೋಗೋಕೆ ಗಾಡಿ ಬೇಕು. ಗಾಡಿ ಕೇಳ್ಕೊಂಡು ನನ್ನ ಹತ್ರನೇ ಬರ್ತಾರೆ.

ಕೊನೆಯದಾಗಿ, ಓದುಗರಿಗೆ ಸಂದೇಶ?

ಸಂದೇಶ ಗಿಂದೇಶ ಕೊಡೋಕೆ ನನಗೆ ಪುರುಸೊತ್ತಿಲ್ಲ, ಇನ್ನೊಂದು ನಿಮಿಷಕ್ಕೆ ಆಫ್ ಆಗ್ತೀನಿ. ಒಂದೇ ಮಾತು. ಗಾಡಿ ಹೆಂಗೈತೆ ಅಂತ ಓಡೋವಾಗ ಹೇಳೋಕಾಗಲ್ಲ, ಸುಮ್ಮನೆ ನಿಂತಾಗ ಗೊತ್ತಾಗ್ತದೆ. ಹಂಗಾಗಿ ಯಾರಾದ್ರೂ ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆದ್ರೆ ಕೇಳ್ರಿ: ‘ಅಣ್ಣಾ, ಪ್ಲಗ್ ಬಿಚ್ಚಿ ನೋಡಿದೆಯಾ?’ ಜಿಲ್ಲಾ ಪಂಚಾಯಿತಿ ಎಲೆಕ್ಷನ್ ಬಂದಾಗ ಬಾಗಿಲಿಗೆ ಬರೋರನ್ನೂ ಅದೇ ಕೇಳ್ರಿ. ಮೆಕ್ಯಾನಿಕ್ ಆದ್ರೆ ನಾಚ್ಕೊಂಡು ಸ್ಪ್ಯಾನರ್ ಹುಡುಕ್ತಾನೆ. ಅವರು ‘ಮೈಕ್ ಸೌಂಡ್ ಸ್ವಲ್ಪ ಜಾಸ್ತಿ ಮಾಡಪ್ಪ’ ಅಂತಾರೆ.