ಜಟ್ಟಿ, ಮೀಸೆ, ಮಣ್ಣು: ಒಂದು ಶಾಸ್ತ್ರೀಯ ಪರಾಮರ್ಶೆ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಮಹಾಸೂತ್ರವನ್ನು ಕನ್ನಡಿಗರು ಇಷ್ಟು ಕಾಲ ಬರೀ ಗೇಲಿಗೆ ಬಳಸಿಕೊಂಡು ಬಂದಿರುವುದು ನಮ್ಮ ವಿದ್ವತ್ತಿಗೆ ಅಂಟಿದ ಕಳಂಕ. ಸೋತವನು ಹೇಳುವ ನೆಪ ಇದು ಎಂದು ಎಲ್ಲರೂ ಒಬ್ಬರ ಮಾತನ್ನು ಒಬ್ಬರು ನಂಬಿ ಅರ್ಥ ಬರೆದರೇ ಹೊರತು, ಯಾರೂ ಗರಡಿ ಮನೆಗೆ ಹೋಗಿ ಪರೀಕ್ಷೆ ಮಾಡಲಿಲ್ಲ. ನಾಡಕುಸ್ತಿಯಲ್ಲಿ ಸೋಲೆಂದರೆ ಚಿತ್: ಬೆನ್ನು ಮಟ್ಟಿಗೆ ತಾಗಬೇಕು. ಬೆನ್ನು ಮಣ್ಣಿನ ಮೇಲಿದ್ದಾಗ ಮೀಸೆ ಆಕಾಶ ನೋಡುತ್ತಿರುತ್ತದೆ. ಅದೇ ಬೋರಲು ಬಿದ್ದು ಪಟ್ಟು ಬಿಡಿಸಿಕೊಳ್ಳಲು ಹೆಣಗುವವನ ಮೀಸೆ, ಮೂಗು, ಬಾಯಿ ಎಲ್ಲ ಕೆಮ್ಮಣ್ಣು. ಆದರೆ ಅವನಿನ್ನೂ ಸೋತಿಲ್ಲ. ಅಂದಮೇಲೆ ಮೀಸೆ ಮಣ್ಣಾದವನಿಗೆ ಇನ್ನೂ ದಾರಿಯುಂಟು, ಮಣ್ಣಾಗದವನ ಕತೆ ಮುಗಿಯಿತು. ಗಾದೆಯ ಜಟ್ಟಿ ನೆಪ ಹೇಳುತ್ತಿಲ್ಲ, ಸೋಲೊಪ್ಪಿ ರುಜು ಹಾಕುತ್ತಿದ್ದಾನೆ. ಇದು ಈ ಪ್ರಬಂಧದ ಮೊದಲ ಸಂಶೋಧನೆ. ಎರಡನೆಯದು ಇಷ್ಟು ಒಳ್ಳೆಯದಲ್ಲ.

ವಿಷಯ ಈಗೇಕೆ ಎದ್ದಿತೆಂದರೆ, ನಮ್ಮ ಹುಡುಗರು ಗ್ರಾಪ್ಲಿಂಗ್ ಎಂಬ ಹೊಸ ಮಲ್ಲವಿದ್ಯೆಗೆ ಮರುಳಾಗಿದ್ದಾರೆ. ಇಲ್ಲಿ ಗುದ್ದುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯ ಕತ್ತನ್ನೋ ಮೊಣಕೈಯನ್ನೋ ಹಿಮ್ಮಡಿಯನ್ನೋ ಸಿಕ್ಕಿಸಿ, ಅವನೇ ಸೋತೆ ಎಂದು ಕೈ ತಟ್ಟುವವರೆಗೆ ಹಿಂಡಬೇಕು. 1998ರಲ್ಲಿ ಅಬುಧಾಬಿಯಲ್ಲಿ ಶುರುವಾದ ಎಡಿಸಿಸಿ ಪಂದ್ಯಾವಳಿ ಇದರ ಕಾಶಿ. ಅಲ್ಲಿ ಆಟದ ಮೊದಲರ್ಧದಲ್ಲಿ ಪಾಯಿಂಟೇ ಇಲ್ಲ. ಬೆನ್ನು ನೆಲಕ್ಕೆ ಹತ್ತಿದರೆ ಯಾರೂ ಕೇಳುವುದೂ ಇಲ್ಲ. ಎಷ್ಟೋ ಜನ ಸೀಟಿ ಊದಿದ ಕೂಡಲೇ ತಾವಾಗಿಯೇ ಕುಕ್ಕರಿಸಿ, ಬೆನ್ನ ಮೇಲೆ ಮಲಗಿ, ಕಾಲು ಚಾಚಿ ಬಾ ಎಂದು ಕರೆಯುತ್ತಾರೆ. ನಮ್ಮ ಗರಡಿಯಲ್ಲಿ ಹೀಗೆ ಮಲಗಿದರೆ ಉಸ್ತಾದರು ಜ್ವರವೇ ಎಂದು ಕೇಳಿ ಮನೆಗೆ ಕಳಿಸುತ್ತಿದ್ದರು.

ಈ ವಿದ್ಯೆಯನ್ನು ಚನ್ನಪಟ್ಟಣದ ಪಕ್ಕದ ನಮ್ಮ ಕೆಂಗಲ್ಲಿನಿಂದಲೇ ಏಕೆ ಅಳೆಯಬೇಕು ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಉತ್ತರ ಹತ್ತಿರದಲ್ಲೇ ಇದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಜಟ್ಟಿಗಳು ಬರುವುದು ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ನಮ್ಮ ಚನ್ನಪಟ್ಟಣದಿಂದ. ತಲೆ ಬೋಳಿಸಿಕೊಂಡು, ಬೆರಳಿಗೆ ಮೊನೆಯುಳ್ಳ ವಜ್ರನಖ ತೊಟ್ಟು ಇಳಿಯುತ್ತಾರೆ. ಯಾರದೋ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು; ಬನ್ನಿ ಪೂಜೆಗೆ ವಿಜಯಯಾತ್ರೆ ಹೊರಟಿತು. ಬಹಳ ಸಲ ನೋಡುವವರು ಮೊಬೈಲು ಎತ್ತಿ ಹಿಡಿಯುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ. ಇಲ್ಲಿ ಸೋತವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ರಕ್ತವೇ ಹೇಳಿಕೆ ಕೊಡುತ್ತದೆ.

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಇನ್ನೂ ವಿಚಿತ್ರವಾದುದನ್ನು ಬರೆದಿಟ್ಟಿದ್ದಾನೆ. ಉತ್ಸವದ ದಿನಗಳಲ್ಲಿ ರಾಯರ ಮುಂದೆ ಸೆಣಸಲು ಸಾವಿರ ಮಲ್ಲರಿದ್ದರಂತೆ; ಕೈಯಲ್ಲಿ ಮೊನೆಯ ಬಳೆ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರಂತೆ; ಹೆಚ್ಚು ಗಾಯವಾದವನು ಹೋಗಿ ರೇಷ್ಮೆ ವಸ್ತ್ರವನ್ನು ಉಡುಗೊರೆ ಪಡೆಯುತ್ತಿದ್ದನಂತೆ. ಓದುಗರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ಹೊಡೆದವನಿಗಲ್ಲ, ಹೊಡೆಸಿಕೊಂಡವನಿಗೆ ರೇಷ್ಮೆ. ಕ್ರೀಡಾ ಇಲಾಖೆ ಇದನ್ನು ಏಕೆ ಕೈಬಿಟ್ಟಿತೋ ಗೊತ್ತಾಗುವುದಿಲ್ಲ.

ಸೋಲನ್ನು ಬಾಯಿಬಿಟ್ಟು ಒಪ್ಪುವುದು ನಮ್ಮ ಜಾಯಮಾನವೇ ಅಲ್ಲ, ಇದು ವಿದೇಶಿ ಸರಕು ಎಂದು ವಾದಿಸುವವರಿಗೆ ಕೆಂಗಲ್ಲಿನ ಗುಡಿಯ ಕಡೆ ಕೈ ತೋರಿಸುತ್ತೇನೆ. ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯಲ್ಲಿ, ರಾಮನಗರ ದಾಟಿ ಚನ್ನಪಟ್ಟಣಕ್ಕೆ ಮುನ್ನ ಕೆಂಪುಕಲ್ಲಿನ ಆಂಜನೇಯ ನಿಂತಿದ್ದಾನೆ. ಗರಡಿಗಳಿಗೆಲ್ಲ ಇವನೇ ಒಡೆಯ. ಲಂಕೆಯಲ್ಲಿ ಇಂದ್ರಜಿತು ಬ್ರಹ್ಮಾಸ್ತ್ರ ಬಿಟ್ಟಾಗ ಇವನು ಮಾಡಿದ್ದೇನು? ಬಿಡಿಸಿಕೊಳ್ಳಬಲ್ಲವನಾದರೂ ಅಸ್ತ್ರಕ್ಕೆ ಮರ್ಯಾದೆ ಕೊಟ್ಟು ಕಟ್ಟಿಸಿಕೊಂಡ. ಗ್ರಾಪ್ಲಿಂಗ್ ಭಾಷೆಯಲ್ಲಿ ತಟ್ಟಿದ. ತಟ್ಟಿದ್ದರಿಂದಲೇ ರಾವಣನ ಸಭೆಗೆ ಬಿಟ್ಟಿ ಪ್ರವೇಶ ಸಿಕ್ಕಿತು. ಮುಂದಿನದು ಅಗ್ನಿಶಾಮಕ ದಳದ ವಿಷಯ. ಬಾಹುಬಲಿಯದು ಇನ್ನೂ ಮೇಲಿನ ಮಟ್ಟ. ಅಣ್ಣ ಭರತನನ್ನು ದೃಷ್ಟಿಯುದ್ಧದಲ್ಲಿ, ಜಲಯುದ್ಧದಲ್ಲಿ ಸೋಲಿಸಿ, ಮಲ್ಲಯುದ್ಧದಲ್ಲಿ ಎತ್ತಿ ಹಿಡಿದ ಮೇಲೆ, ಗೆದ್ದವನೇ ರಾಜ್ಯ ಬಿಟ್ಟು ನಡೆದ. ಗೆದ್ದು ತಟ್ಟಿದ ಏಕೈಕ ಮಲ್ಲನಿಗೆ ಶ್ರವಣಬೆಳಗೊಳದಲ್ಲಿ ಒಂದು ಬೆಟ್ಟವನ್ನೇ ಬಿಟ್ಟುಕೊಟ್ಟಿದ್ದೇವೆ. ತಟ್ಟಲೊಲ್ಲದ ದುರ್ಯೋಧನನಿಗೆ ಸಿಕ್ಕಿದ್ದು ಕೊಳದ ಕೆಸರು.

ಹೊರದೇಶದ ಸಾಕ್ಷಿಯೂ ಒಂದಿರಲಿ. 1951ರಲ್ಲಿ ಬ್ರೆಜಿಲ್ಲಿನ ರಿಯೋದಲ್ಲಿ ಜಪಾನಿನ ಜೂಡೋ ಪಟು ಕಿಮುರಾ, ಅಲ್ಲಿಯ ಮಲ್ಲ ಎಲಿಯೋ ಗ್ರೇಸಿಯ ತೋಳನ್ನು ಹಿಂದಕ್ಕೆ ತಿರುಚಿದ. ಮೂಳೆ ಮುರಿಯಿತು, ಗ್ರೇಸಿ ತಟ್ಟಲಿಲ್ಲ. ಕೊನೆಗೆ ಅವನ ಅಣ್ಣ ಟವೆಲ್ ಎಸೆದು ಆಟ ನಿಲ್ಲಿಸಿದ. ಆ ಪಟ್ಟಿಗೆ ಇಂದಿಗೂ ಕಿಮುರಾ ಎಂದೇ ಹೆಸರು. ಟವೆಲ್ ಎಂದಾಗ ಕೆಂಗಲ್ಲಿನವರಿಗೆ ಥಟ್ಟನೆ ನೆನಪಾಗುವುದು ಸಂಕ್ರಾಂತಿಯ ಆಸುಪಾಸಿನ ಅಯ್ಯನಗುಡಿ ದನಗಳ ಜಾತ್ರೆ. ಹಳ್ಳಿಕಾರ್ ಹೋರಿಯ ಹಲ್ಲು ನೋಡಿ, ಸುಳಿ ನೋಡಿ ಆದ ಮೇಲೆ ದಳ್ಳಾಳಿಯ ಕೈ ಟವೆಲ್ ಕೆಳಗೆ ರೈತನ ಕೈ ಹಿಡಿಯುತ್ತದೆ. ಎರಡು ಬೆರಳು ಹಿಚುಕಿದರೆ ಒಂದು ದರ, ಮೂರಕ್ಕೆ ಇನ್ನೊಂದು. ಮೇಲೆ ಮುಖಗಳು ಮಳೆ-ಬೆಳೆ ಮಾತಾಡುತ್ತಿರುತ್ತವೆ, ಕೆಳಗೆ ಕಾಳಗ. ಜಗತ್ತಿನ ಅತಿ ಪುರಾತನ ಬೆರಳು-ಪಟ್ಟಿನ ಪಂದ್ಯ ಇದೇ ಎಂಬುದು ನನ್ನ ಖಚಿತ ಮತ, ಆಧಾರ ಕೇಳಬಾರದು.

ಹೊಸ ವಿದ್ಯೆಯಲ್ಲಿ ನಮ್ಮವರಿಗೆ ಒಂದೇ ಒಂದು ಕಂಟಕವಿದೆ. ಹಲವು ಪಂದ್ಯಾವಳಿಗಳ ನಿಯಮದ ಪ್ರಕಾರ ಕೈ ತಟ್ಟಲೇಬೇಕೆಂದಿಲ್ಲ, ನೋವಿನಿಂದ ಕೂಗಿದರೂ ಸೋಲೇ. ಬಸ್ಸಿನ ಸೀಟಿನಲ್ಲಿ ಕೂರುವಾಗ ಅಯ್ಯಪ್ಪಾ, ಏಳುವಾಗ ಅಮ್ಮಾ, ಬಿಸಿ ಮುದ್ದೆ ಮುರಿಯುವಾಗ ಅಬ್ಬಬ್ಬಾ ಎನ್ನುವ ಜನಾಂಗ ಮ್ಯಾಟ್ ಮೇಲೆ ಕಾಲಿಡುವ ಮೊದಲೇ ಮೂರು ಸಲ ಶರಣಾಗಿರುತ್ತದೆ.

ಕ್ಷೇತ್ರಕಾರ್ಯಕ್ಕಾಗಿ ಚನ್ನಪಟ್ಟಣ ಕಡೆಯ ಹುಡುಗನೊಬ್ಬನ ಪಂದ್ಯಕ್ಕೆ ಹೋಗಿದ್ದೆ. ಜತೆಗೆ ಅವನ ಸೋದರಮಾವ, ಹಳೇ ಗರಡಿಯ ಆಳು, ಎರಡೂ ಕಡೆ ತಿರುವಿದ ಮೀಸೆ. ಸೀಟಿ ಊದಿತು. ಹುಡುಗ ಕಲಿತ ಪಾಠದಂತೆ ಕುಕ್ಕರಿಸಿದ.

"ಎದ್ದೇಳ್ಲಾ! ಕುಂತ್ಕಂಡು ಕುಸ್ತಿ ಆಡ್ತಾರೇನ್ಲಾ!"

ಎದುರಾಳಿ ಕಾಲು ಸರಿಸಿ ಎದೆಯ ಮೇಲೆ ಹತ್ತಿದ. ಚಿಕ್ಕಂದಿನಲ್ಲಿ ಮಾವನೇ ಕಲಿಸಿ ರಕ್ತಗತವಾಗಿದ್ದ ಬುದ್ಧಿ ಆ ಗಳಿಗೆಯಲ್ಲಿ ಎಚ್ಚರವಾಗಿರಬೇಕು, ಹುಡುಗ ಬೆನ್ನು ಉಳಿಸಿಕೊಳ್ಳಲು ಬೋರಲಾಗಿ ತಿರುಗಿದ. ಮಾವ ಕುರ್ಚಿಯಿಂದ ಎದ್ದು ನಿಂತರು. "ಹಂಗೆ ಮಗ! ಬೆನ್ನು ಕೊಡಬ್ಯಾಡ!" ಗರಡಿಯಲ್ಲಿ ಪ್ರಾಣ ಉಳಿಸುವ ಭಂಗಿ ಗ್ರಾಪ್ಲಿಂಗಿನಲ್ಲಿ ಪ್ರಾಣ ತೆಗೆಯುವ ಭಂಗಿ. ಎದುರಾಳಿ ಬೆನ್ನೇರಿ, ಎರಡೂ ಹಿಮ್ಮಡಿ ತೊಡೆಸಂದಿಗೆ ಸಿಕ್ಕಿಸಿ, ಮೊಣಕೈ ಮಡಿಕೆಯನ್ನು ಗಲ್ಲದ ಕೆಳಗೆ ತೂರಿಸಿದ. ಹುಡುಗನ ಕಿವಿ ಕೆಂಪಾಗಿ, ಹಣೆಯ ನರ ಉಬ್ಬಿ, ಬಲಗೈ ಮ್ಯಾಟ್ ಮೇಲೆ ಪಟಪಟನೆ ತಟ್ಟಿತು.

"ಯಾಕ್ಲಾ ತಟ್ಟಿದೆ? ಚಿತ್ ಆಗಿರ್ನಿಲ್ಲವಲ್ಲೋ!"

"ಕತ್ತಿನ ಎರಡೂ ಕಡೆ ನರ ಒತ್ತಿಬಿಟ್ಟ ಮಾವ. ತಲೆಗೆ ರಕ್ತ ಹೋಗಲ್ಲ. ಹತ್ತು ಸೆಕೆಂಡು ತಡ ಮಾಡಿದ್ರೆ ಕಣ್ಣು ಕತ್ತಲೆ ಬಂದು ಅಲ್ಲೇ ಮಲಗ್ಬಿಡ್ತಿದ್ದೆ."

ಮಾವ ಬಗ್ಗಿ ಹುಡುಗನ ನುಣ್ಣನೆ ಮೇಲ್ದುಟಿಯನ್ನೂ, ರಬ್ಬರಿನ ಮ್ಯಾಟನ್ನೂ ಒಂದೊಂದಾಗಿ ಪರಿಶೀಲಿಸಿದರು. "ಮೀಸೆನೂ ಇಲ್ಲ, ಮಣ್ಣೂ ಇಲ್ಲ. ಇದ್ಯಾವ ಸೀಮೆ ಕುಸ್ತಿಲಾ ಇದು!"

ಎರಡನೆಯ ಸಂಶೋಧನೆಯನ್ನು ಅವರೇ ಮಾಡಿಬಿಟ್ಟಿದ್ದರಿಂದ ನನಗೆ ಉಳಿದಿರುವುದು ಶಿಫಾರಸು ಮಾತ್ರ. ಅಯ್ಯನಗುಡಿ ಜಾತ್ರೆಯಲ್ಲಿ ಒಂದು ಗ್ರಾಪ್ಲಿಂಗ್ ಪಂದ್ಯ ಏರ್ಪಡಬೇಕು. ನೂನಿಜ್ ಕಂಡ ಪದ್ಧತಿಯನ್ನು ಅಲ್ಲಿ ಮತ್ತೆ ಜಾರಿಗೆ ತರಬೇಕು. ಹೆಚ್ಚು ಹಿಂಡಿಸಿಕೊಂಡವನಿಗೆ ರೇಷ್ಮೆ ಪಂಚೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲೇ ಇರುವಾಗ ಸಾಗಣೆ ಖರ್ಚಿನ ನೆಪ ಯಾರೂ ಹೇಳುವಂತಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಈ ಕರಡನ್ನು ಮಾವನಿಗೆ ಓದಿ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡು ಒಂದೇ ತಿದ್ದುಪಡಿ ಸೂಚಿಸಿದರು: ಪಂಚೆ ಎರಡಿರಬೇಕು, ಒಂದು ಸೋತವನಿಗೆ, ಇನ್ನೊಂದು ಸೋತವನ ಮಾವನಿಗೆ.